ಫುಟ್‌ಪಾತ್‌ಗಾಗಿ ಒಂದು ವೀಸಾ

ಇಪ್ಪತ್ಮೂರು ಲಕ್ಷದ ಗೋಲ್ಡನ್ ವೀಸಾ ಕಥೆ ನಿಮಗೆ ಗೊತ್ತೇ ಇದೆ. 2025ರ ಜುಲೈನಲ್ಲಿ ಮೂರ್ನಾಲ್ಕು ದಿನ ಬೆಂಗಳೂರಿನ ಅರ್ಧ ವಾಟ್ಸ್ಯಾಪ್ ಗ್ರೂಪುಗಳು ದುಬೈಗೆ ಗಂಟುಮೂಟೆ ಕಟ್ಟಿದ್ದವು. ಒಂದು ಲಕ್ಷ ದಿರ್ಹಮ್ ಬಿಸಾಕಿದರೆ ಆಯಿತಂತೆ. ಮನೆ ಕೊಳ್ಳಬೇಕಿಲ್ಲ, ಬಿಸಿನೆಸ್ ಮಾಡಬೇಕಿಲ್ಲ, ಸಾಯುವವರೆಗೂ ಅಲ್ಲೇ ಇರಬಹುದಂತೆ. ಆಮೇಲೆ ಯುಎಇ ಸರ್ಕಾರವೇ ಬಾಯಿಬಿಟ್ಟು, ಅಂಥ ಯೋಜನೆಯೇ ಇಲ್ಲ ಅಂತ ಹೇಳಿತು. ಆ ಹೇಳಿಕೆಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಹಾಗಾಗಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕೂರುವ ನಿವೃತ್ತರ ಪಾಲಿಗೆ ಆ ವೀಸಾ ಇವತ್ತಿಗೂ ಜಾರಿಯಲ್ಲಿದೆ.

ನನಗೆ ವೀಸಾದ ಮೇಲೆ ಸಿಟ್ಟಿಲ್ಲ. ಸುಳ್ಳು ಸುದ್ದಿಯ ಮೇಲೂ ಇಲ್ಲ, ಅದು ಅಭ್ಯಾಸವಾಗಿದೆ. ನನಗೆ ಆಶ್ಚರ್ಯವಾಗಿದ್ದು ಬೇರೆ. ಮೊನ್ನೆ ತನಕ 'ಬೆಂಗಳೂರಿನ ಹವಾ ಬೇರೆಲ್ಲಿ ಸಿಗತ್ತೆ ಸಾರ್' ಅನ್ನುತ್ತಿದ್ದ ಜನ, ಒಂದೇ ಒಂದು ಫಾರ್ವರ್ಡ್ ಓದಿ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೇನೆ ಅಂತ ಬೀರು ಕೆದಕಿದರಲ್ಲ, ಅದು. ಮೊಮ್ಮಕ್ಕಳ ನಾಮಕರಣಕ್ಕೆ ರಜೆ ಕೇಳಲು ಹೆದರಿ ನೌಕರಿ ಮಾಡಿದವರು ಇವರು. ಈಗ ದೇಶವನ್ನೇ ಬಿಡಲು ತಯಾರು.

ಇದೇ ಊರಿಗೆ 'ಪಿಂಚಣಿದಾರರ ಸ್ವರ್ಗ' ಅಂತ ಬಿರುದಿತ್ತು ಅಂದರೆ ಈಗಿನ ಹುಡುಗರು ನಂಬಲ್ಲ. ಒಂದು ಕಾಲದಲ್ಲಿ ವಿದೇಶದಲ್ಲಿ ನಿವೃತ್ತಿ ಅಂದರೆ ಬೆಂಗಳೂರೇ. ದಂಡಿನಲ್ಲಿದ್ದ ಬಿಳಿಯರು ಸೇವೆ ಮುಗಿದ ಮೇಲೆ, ಇಂಗ್ಲೆಂಡಿನ ಚಳಿ ಯಾರಿಗೆ ಬೇಕು ಅಂತ ಇಲ್ಲೇ ಬಂಗಲೆ ಕಟ್ಟಿಕೊಂಡರು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಊರಾಚೆ 3,900 ಎಕರೆ ಕೊಟ್ಟರು. ವ್ಯವಸಾಯ ಮಾಡಿಕೊಂಡು, ಕೋಳಿ ಸಾಕಿಕೊಂಡು, ನೆಮ್ಮದಿಯಾಗಿರಲಿ ಅಂತ. ಆ ನೆಮ್ಮದಿಯ ಜಾಗದ ಹೆಸರು ವೈಟ್‌ಫೀಲ್ಡ್. ಸಂಜೆ ಆರು ಗಂಟೆಗೆ ಅಲ್ಲಿಗೆ ಕಾರಿನಲ್ಲಿ ಹೋಗಿ ನೋಡಿ. ಸ್ವರ್ಗ ಅನ್ನುವುದು ಈಗಲೂ ನಿಜ, ಸತ್ತ ಮೇಲೇ ತಲುಪುತ್ತೀರಿ.

ಬಿಳಿಯರ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ವಿನ್‌ಸ್ಟನ್ ಚರ್ಚಿಲ್ ಸಾಹೇಬರು 1896ರಿಂದ ಕೆಲ ವರ್ಷ ಬೆಂಗಳೂರಿನಲ್ಲಿ ಲೆಫ್ಟಿನೆಂಟ್ ಆಗಿದ್ದರು. ಊರು ಬಿಡುವಾಗ ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದರು. ಬೆಂಗಳೂರು ಕ್ಲಬ್ಬಿನವರು 1899ರ ಆ ಲೆಕ್ಕದ ಪುಸ್ತಕವನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಮ್ಮೂರಲ್ಲಿ ಸಾಲ ಮಾಡಿ ವಿದೇಶಕ್ಕೆ ಹೋಗಿ ದೊಡ್ಡವರಾಗುವ ಪರಂಪರೆ ಅಲ್ಲಿಂದ ಶುರು. 2016ರ ಮಾರ್ಚ್‌ನಲ್ಲಿ ನಮ್ಮೂರಿನವರೇ ಇನ್ನೊಬ್ಬರು ಲಂಡನ್ ವಿಮಾನ ಹತ್ತಿದರು. ಅವರ ಬಾಕಿಯಲ್ಲಿ ಸೊನ್ನೆಗಳು ಸ್ವಲ್ಪ ಜಾಸ್ತಿ. ವಿದೇಶದಲ್ಲಿ ನಿವೃತ್ತಿ ಜೀವನ ಅಂದರೆ ಅವರದು ಕಣ್ರೀ. ಪಿಂಚಣಿ ಪತ್ರ ತೋರಿಸು ಅನ್ನುವವರಿಲ್ಲ, ಬ್ಯಾಂಕ್ ಬ್ಯಾಲೆನ್ಸ್ ಎಷ್ಟು ಅನ್ನುವವರಿಲ್ಲ. ಬ್ಯಾಲೆನ್ಸ್ ಕೇಳಿದ್ದು ಬ್ಯಾಂಕಿನವರು ಮಾತ್ರ, ಅದೂ ಬೇರೆ ಅರ್ಥದಲ್ಲಿ.

ನಮ್ಮಂಥ ಸಾಲ ತೀರಿಸಿದವರಿಗೆ ಕಷ್ಟ ಜಾಸ್ತಿ. ಅದು ಗೊತ್ತಾಗಿದ್ದು ವಿದೇಶದಲ್ಲಿ ನಿವೃತ್ತಿ ಅನ್ನುವ ಒಂದು ಸೆಮಿನಾರಿನಲ್ಲಿ. ಉಚಿತ ಪ್ರವೇಶ, ಹೈ ಟೀ. ಹೈ ಟೀ ಅಂದರೆ ಸಮೋಸ ಚಿಕ್ಕದಾಗಿರುತ್ತದೆ ಅಂತ ಅರ್ಥ. ಹೋಟೆಲಿನ ಹಾಲ್ ತುಂಬ ನನ್ನ ವಯಸ್ಸಿನವರು, ಎಲ್ಲರ ಕೈಯಲ್ಲೂ ಬಟ್ಟೆಚೀಲ. ಟೈ ಕಟ್ಟಿದ ಹುಡುಗನೊಬ್ಬ ಪರದೆಯ ಮೇಲೆ ಸಮುದ್ರ ತೋರಿಸಿದ. ದಂಡೆಯಲ್ಲಿ ಬಿಳಿ ಗಡ್ಡದ ಗಂಡ, ಬಿಳಿ ಪ್ಯಾಂಟಿನ ಹೆಂಡತಿ ಕೈ ಕೈ ಹಿಡಿದು ನಡೆಯುತ್ತಿದ್ದರು. 'ಅಂಕಲ್, ಇದು ನೀವೇ' ಅಂದ. ನನ್ನ ಪಕ್ಕದವರು ಪಂಚೆ ಸರಿಮಾಡಿಕೊಂಡರು.

ಆಮೇಲೆ ಲೆಕ್ಕ ಶುರುವಾಯಿತು. ಥಾಯ್ಲೆಂಡ್ ಭಾರೀ ಸಸ್ತಾ ಅಂಕಲ್. ಐವತ್ತು ವರ್ಷ ಆಗಿರಬೇಕು, ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲದಿದ್ದರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಎಂಟು ಲಕ್ಷ ಬಾತ್ ಅಂದರೆ ನಮ್ಮ ದುಡ್ಡಿನಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಮಲೇಶಿಯಾ ಆದರೆ ಕಡಿಮೆ ದರ್ಜೆಯ ಬೆಳ್ಳಿ ಸ್ಕೀಮಿಗೇ ಒಂದೂವರೆ ಲಕ್ಷ ಡಾಲರ್ ಎಫ್‌ಡಿ, ಜೊತೆಗೆ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ಚಿನ್ನ, ಪ್ಲಾಟಿನಂ ಅಂತ ಮೇಲಿನವೂ ಇವೆ, ಅವನ್ನು ಕೇಳಲು ಹೋಗಲಿಲ್ಲ. ದುಬೈನಲ್ಲಿ ನಿಜವಾದ ನಿವೃತ್ತಿ ವೀಸಾ ಬೇರೆಯೇ ಇದೆ. ಐವತ್ತೈದು ದಾಟಿರಬೇಕು, ತಿಂಗಳಿಗೆ ದೊಡ್ಡ ಆದಾಯ ಇಲ್ಲದವರಿಗೆ ಹತ್ತು ಲಕ್ಷ ದಿರ್ಹಮ್ ಉಳಿತಾಯ ಇರಬೇಕು ಅಥವಾ ಅಷ್ಟೇ ಬೆಲೆಯ ಆಸ್ತಿ ಇರಬೇಕು. ಎರಡು ಕೋಟಿ ರೂಪಾಯಿಗೂ ಮೇಲಾಯಿತು. ಅಷ್ಟು ದುಡ್ಡಿದ್ದವನಿಗೆ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಕೂರುವ ಕರ್ಮ ಏನು? ಅಲ್ಲಿನ ಕರಾಮಾ ಬಡಾವಣೆಯಲ್ಲಿ ಮಸಾಲೆದೋಸೆ ಸಿಗತ್ತೆ ಅನ್ನುತ್ತಾರೆ. ಸಿಗತ್ತೆ. ಬಸವನಗುಡಿಯಲ್ಲೂ ಸಿಗತ್ತೆ.

ಪೋರ್ಚುಗಲ್ ಹೆಸರು ಬಂದಾಗ ಹಾಲ್ ಸ್ವಲ್ಪ ಎಚ್ಚರಾಯಿತು. ಯಾಕೆಂದರೆ ಅಲ್ಲಿ ಕೇಳುವುದು ತಿಂಗಳ ಆದಾಯ, ಅದೂ ಅಲ್ಲಿನ ಕನಿಷ್ಠ ಕೂಲಿಯಷ್ಟು. 2025ಕ್ಕೆ 870 ಯೂರೊ. ಒಬ್ಬ ಗೆಜೆಟೆಡ್ ಅಧಿಕಾರಿಯ ಪಿಂಚಣಿ ಹಿಗ್ಗಿಸಿದರೆ ಮುಟ್ಟಬಹುದು. ಮೂವತ್ತೈದು ವರ್ಷ ಸಾಹೇಬರಾಗಿ ಮೆರೆದವರು ಅಲ್ಲಿನ ಕನಿಷ್ಠ ಕೂಲಿಗೆ ಸಮ ಅಂತ ಗೊತ್ತಾದ ಮೇಲೂ ಮುಂದಿನ ಸಾಲಿನ ಇಬ್ಬರು ಖುಷಿಯಿಂದ ಬರೆದುಕೊಂಡರು. ಲಿಸ್ಬನ್ ಏಳು ಬೆಟ್ಟಗಳ ಮೇಲಿರುವ ಊರು ಅನ್ನುವುದನ್ನು ಹುಡುಗ ಹೇಳಲಿಲ್ಲ. ಹಾಲಿನಲ್ಲಿದ್ದ ಮಂಡಿಗಳ ಸರಾಸರಿ ವಯಸ್ಸು ನೋಡಿ ಬಿಟ್ಟಿರಬೇಕು. ಅಲ್ಲಿನ ವಲಸೆ ಇಲಾಖೆಯನ್ನು 2023ರ ಅಕ್ಟೋಬರ್‌ನಲ್ಲಿ ಮುಚ್ಚಿ ಹೊಸ ಸಂಸ್ಥೆ ತೆರೆದರು. ಹೊಸದರ ತಲೆಯ ಮೇಲೆ ಹಳೆಯ ಲಕ್ಷಗಟ್ಟಲೆ ಅರ್ಜಿಗಳು ಬಂದು ಕೂತವು. ಅದನ್ನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ಅರ್ಧ ಜನಕ್ಕೆ ಅಲ್ಲೇ ನಮ್ಮೂರು ಅನ್ನಿಸಿಬಿಡುತ್ತಿತ್ತು.

ಇನ್ನು ದುಡ್ಡು ಕಳಿಸುವುದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವರ್ಷಕ್ಕೆ ತಲಾ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಉದಾರ ಯೋಜನೆ ಅಂತಲೇ ಅದರ ಹೆಸರು. ಹತ್ತು ಲಕ್ಷ ರೂಪಾಯಿ ದಾಟಿದ ಮೇಲೆ ಇಂಥದ್ದಕ್ಕೆಲ್ಲ ಶೇಕಡ 20 ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ವಾಪಸ್ ಬರತ್ತೆ ಅಂಕಲ್ ಅಂದ ಹುಡುಗ. ಅವನಿಗೆ ಇನ್ನೂ ಇಪ್ಪತ್ತೈದು ವರ್ಷ. ವಾಪಸ್ ಬರುವ ತನಕ ಕಾಯುವ ಆಯುಸ್ಸು ಅವನಿಗಿದೆ.

ಒಂದಂತೂ ಒಪ್ಪಬೇಕು. ಈ ದೇಶಗಳು ಮುಖಕ್ಕೆ ಹೊಡೆದ ಹಾಗೆ ಒಂದೇ ಪ್ರಶ್ನೆ ಕೇಳುತ್ತವೆ. ದುಡ್ಡೆಷ್ಟಿದೆ? ನಮ್ಮ ದೇಶ ಅಷ್ಟು ಒರಟಲ್ಲ. ಅದು ವರ್ಷಕ್ಕೊಮ್ಮೆ ಕಾಳಜಿಯಿಂದ ಕೇಳುತ್ತದೆ, ಇನ್ನೂ ಇದ್ದೀರಾ?

ನವೆಂಬರ್ ಅಂದರೆ ಕನ್ನಡಿಗರಿಗೆ ರಾಜ್ಯೋತ್ಸವ, ಪಿಂಚಣಿದಾರರಿಗೆ ಜೀವಿತ ಪ್ರಮಾಣ ಪತ್ರದ ಮಾಸ. ಮೊದಲು ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ನಿಂತರೆ ಮುಗಿಯುತ್ತಿತ್ತು. ಅವರು ತಲೆಯೆತ್ತಿ ನೋಡಿ, ಹೌದು ಇದ್ದಾರೆ ಅಂತ ಸಹಿ ಹಾಕುತ್ತಿದ್ದರು. 2014ರ ನವೆಂಬರ್‌ನಲ್ಲಿ ಅದು ಡಿಜಿಟಲ್ ಆಯಿತು, 'ಜೀವನ್ ಪ್ರಮಾಣ್' ಬಂತು. ಮನುಷ್ಯ ಮನುಷ್ಯನನ್ನು ನೋಡಿ ಬದುಕಿದ್ದಾನೆ ಅನ್ನುವುದು ಹಳೆಯ ಕಾಲದ ಪದ್ಧತಿ. ಈಗ ಬೆರಳು ಹೇಳಬೇಕು.

ನನ್ನ ಬೆರಳು ಹೇಳಲಿಲ್ಲ. ಬಲಗೈ ಹೆಬ್ಬೆರಳು ಇಟ್ಟೆ, ಯಂತ್ರದ ಕೆಂಪು ದೀಪ ಮಿಣುಕಿ ಆರಿತು. ಎಡಗೈಯದು, ಇಲ್ಲ. ತೋರುಬೆರಳು, ಇಲ್ಲ. 'ಒರೆಸಿ ಇಡಿ ಸಾರ್' ಅಂದಳು ಕೌಂಟರಿನ ಹುಡುಗಿ. ಒರೆಸಿದೆ. 'ಒಣಗಿಹೋಗಿದೆ ಸಾರ್, ಹಣೆಗೆ ಉಜ್ಜಿಕೊಳ್ಳಿ, ಸ್ವಲ್ಪ ಜಿಡ್ಡು ಬರತ್ತೆ.' ಹಣೆಗೆ ಉಜ್ಜಿಕೊಂಡೆ. ಹಿಂದಿನ ಸಾಲಿನಲ್ಲಿ ಏಳೆಂಟು ಜನ ಮುನ್ನೆಚ್ಚರಿಕೆಯಾಗಿ ಆಗಲೇ ಹಣೆ ಉಜ್ಜಲು ಶುರುಮಾಡಿದ್ದರು. ಹೊರಗಿನಿಂದ ನೋಡಿದವರಿಗೆ ಏನೋ ಸಾಮೂಹಿಕ ಪ್ರಾರ್ಥನೆ ಅನ್ನಿಸಿರಬೇಕು. ಜೀವನವಿಡೀ ಫೈಲು ತಿರುವಿ, ಪಾತ್ರೆ ಉಜ್ಜಿ, ಬೆರಳಿನ ಗೆರೆ ಸವೆದದ್ದಕ್ಕೆ ಸಿಗುವ ಬಹುಮಾನ ಇದು. ಕೊನೆಗೆ ಮುಖ ತೋರಿಸುವ ಆ್ಯಪ್ ತೆರೆದರು. ಫೋನು ಎದುರಿಗೆ ಹಿಡಿದು, 'ಕಣ್ಣು ಮಿಟುಕಿಸಿ ಸಾರ್' ಅಂದಳು. ಆ ವಯಸ್ಸಿನ ಹುಡುಗಿ ನನಗೆ ಹಾಗೆ ಹೇಳಿದ್ದು ಜೀವನದಲ್ಲಿ ಮೊದಲ ಸಲ. ಮಿಟುಕಿಸಿದೆ. ಹಸಿರು ದೀಪ ಬಂತು. ಇನ್ನೊಂದು ವರ್ಷಕ್ಕೆ ಬದುಕಿದ್ದೇನೆ.

ಥಾಯ್ಲೆಂಡಿಗೆ ಹೋದರೆ ಈ ಕಾಟ ತಪ್ಪತ್ತೆ ಅಂದುಕೊಂಡಿದ್ದವರಿಗೆ ಒಂದು ಸಿಹಿಸುದ್ದಿ. ಅಲ್ಲಿ ಪ್ರತಿ ತೊಂಬತ್ತು ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ವರದಿ ಮಾಡಬೇಕು. ಎಲ್ಲಿದ್ದೀರಿ ಅಂತ ಅವರು ವರ್ಷಕ್ಕೆ ನಾಲ್ಕು ಸಲ ಕೇಳುತ್ತಾರೆ, ಇದ್ದೀರಾ ಅಂತ ಇವರು ಒಂದು ಸಲ ಕೇಳುತ್ತಾರೆ. ಅಲ್ಲಿಂದಲೂ ನವೆಂಬರ್‌ನಲ್ಲಿ ಕಣ್ಣು ಮಿಟುಕಿಸಲೇಬೇಕು.

ಅಮೆರಿಕಕ್ಕೆ ಮಗನ ಹತ್ತಿರ ಹೋಗಿಬಿಡಿ ಅನ್ನುತ್ತಾರೆ ಕೆಲವರು. ಬಾಣಂತನಕ್ಕೆ ಅಂತ ಹೋಗಿ ಆರು ತಿಂಗಳು ಇದ್ದು ಬಂದವರನ್ನು ಕೇಳಿ. ಕಾರು ಓಡಿಸಲು ಬಾರದವರಿಗೆ ಅಲ್ಲಿ ಮನೆಯೇ ದೇಶ, ಶನಿವಾರ ಬಂದರೆ ಮಾತ್ರ ಗಡಿ ತೆರೆಯುತ್ತದೆ. ಖಾಯಂ ಆಗಿ ಇರೋಣ ಅಂದರೆ ಮಗ ಅಲ್ಲಿನ ಪ್ರಜೆಯಾಗಿರಬೇಕು. ಅವನೋ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಕೂದಲು ಉದುರಿಸಿಕೊಂಡಿದ್ದಾನೆ. ಅಪ್ಪನಿಗಿಂತ ಮೊದಲು ಮಗನೇ ನಿವೃತ್ತನಾಗುವ ಲಕ್ಷಣ. ಹೇಗೋ ನಿಮಗೂ ಕಾರ್ಡ್ ಸಿಕ್ಕಿತು ಅನ್ನಿ, ಅರವತ್ತೈದು ದಾಟಿದ್ದರೂ ಅಲ್ಲಿ ಐದು ವರ್ಷ ಇದ್ದ ಮೇಲಷ್ಟೇ ದುಡ್ಡು ಕೊಟ್ಟು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಸೇರಬಹುದು. ಆ ಐದು ವರ್ಷ ಕಾಯಿಲೆ ಬೀಳದ ಹಾಗೆ ನಿಮ್ಮ ಕುಲದೇವರೇ ನೋಡಿಕೊಳ್ಳಬೇಕು.

ಇದೆಲ್ಲ ಆಯಿತು. ಇನ್ನು ಇಲ್ಲೇ ಉಳಿಯುವವರಿಗೆ ದೇಶ ಏನು ಮಾಡಿದೆ ಅಂತಲೂ ಹೇಳಬೇಕಲ್ಲ, ಬರೀ ಬೈದರೆ ಪಾಪ ಬರತ್ತೆ. 70 ದಾಟಿದವರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡು ಕೊಡುತ್ತೇವೆ ಅಂದಿದ್ದಾರೆ, ಒಳ್ಳೆಯದು. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆದರು. ಅಲ್ಲಿಯ ತನಕ, ಕಾಯಿಲೆ ಬರಬಹುದು ಅಂತ ಹೆದರಿದ್ದಕ್ಕೇ ನಮ್ಮಿಂದ ಶೇಕಡ 18 ತೆರಿಗೆ ತಗೊಂಡಿದ್ದರು. ತೆಗೆದಿದ್ದಕ್ಕೆ ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಜೇಬಿನಿಂದ ಕೈ ತೆಗೆದವರಿಗೆ ಹಾರ ಹಾಕುವ ಜನ ನಾವು.

ರೈಲಿನ ವಿಷಯಕ್ಕೆ ಬಂದರೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಅರವತ್ತು ದಾಟಿದ ಗಂಡಸರಿಗೆ ಶೇಕಡ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡ 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ, ಕೊರೊನಾ, ವಯಸ್ಸಾದವರು ಓಡಾಡಬಾರದು ಅಂತ ತೆಗೆದರು. ಸರಿ, ಒಪ್ಪಿದೆವು. ಕೊರೊನಾ ಹೋಯಿತು. ಮಾಸ್ಕ್ ಹೋಯಿತು. ನಮ್ಮೂರಿಗೂ ವಂದೇ ಭಾರತ್ ಬಂತು, ಅದಕ್ಕೆ ಹಸಿರು ಬಾವುಟ ಬೀಸಿದ್ದೇ ಬೀಸಿದ್ದು. ರಿಯಾಯಿತಿ ಬರಲಿಲ್ಲ. ಹುಬ್ಬಳ್ಳಿಯ ಮಗಳ ಮನೆಗೆ ಹೋಗಲು ಒಬ್ಬ ಅಜ್ಜಿ ಎರಡು ಸಲ ಯೋಚನೆ ಮಾಡಬೇಕು, ನಾವಿಲ್ಲಿ ಪೋರ್ಚುಗಲ್ ಲೆಕ್ಕ ಹಾಕುತ್ತಾ ಕೂತಿದ್ದೇವೆ.

ನಾಚಿಕೆಯಾಗುವುದು ಇದಕ್ಕೂ. ವಿದೇಶಕ್ಕೆ ಹೋಗಲೋ ಬೇಡವೋ ಅಂತ ತೂಗುವವರು ನಾವು ಎಷ್ಟು ಜನ? ಬಡವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರ ಸರ್ಕಾರದ ಪಾಲು ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟಿದರೆ 500. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ಕದಲಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ 1,200. ಜೀವನಪರ್ಯಂತ ಕಾರ್ಖಾನೆಯಲ್ಲಿ ದುಡಿದು ಪಿಎಫ್ ಕಟ್ಟಿದವನಿಗೆ ಕನಿಷ್ಠ ಪಿಂಚಣಿ 1,000 ಅಂತ 2014ರಲ್ಲಿ ಮಾಡಿದರು. ಆ ಸಾವಿರಕ್ಕೂ ವರ್ಷಕ್ಕೊಮ್ಮೆ ಜೀವಂತ ಇದ್ದೀನಿ ಅಂತ ಬೆರಳು ಒತ್ತಬೇಕು. ಸಾವಿರ ರೂಪಾಯಲ್ಲಿ ಹೇಗೆ ಜೀವಂತ ಇದ್ದೀಯಪ್ಪ ಅಂತ ಯಾರಾದರೂ ಕೇಳಬೇಕು. ಅದನ್ನು ಯಾರೂ ಕೇಳುವುದಿಲ್ಲ. ಇದರಲ್ಲಿ ವಿಡಂಬನೆ ಏನೂ ಇಲ್ಲ, ಅಂಕಿ ಇಷ್ಟೇ.

ಇರಲಿ. ನಮ್ಮ ಪಾರ್ಕಿನವರು ಹೊರಡಲು ನಿಜವಾದ ಕಾರಣ ಏನು ಅಂತ ಕೇಳಿನೋಡಿದೆ. ದುಬೈನ ಕಟ್ಟಡ ಅಲ್ಲ, ಥಾಯ್ಲೆಂಡಿನ ಸಮುದ್ರ ಅಲ್ಲ. ಫುಟ್‌ಪಾತ್. 'ಅಲ್ಲಿ ಬೀಳದೇ ನಡೀಬಹುದಂತೆ ಸಾರ್.' ಇಷ್ಟೇ ಅವರ ಆಸೆ. ಕೋಟಿಗಟ್ಟಲೆ ಖರ್ಚು ಮಾಡಿ, ಮನೆ ಮಾರಿ, ಭಾಷೆ ಬಾರದ ಊರಿಗೆ ಹೋಗಿ, ಬೆಳಿಗ್ಗೆ ಅರ್ಧ ಗಂಟೆ ಸೊಂಟ ಮುರಿಯದೇ ನಡೆಯಬೇಕು.

ನಮ್ಮ ಬೀದಿಯ ಫುಟ್‌ಪಾತ್ ನೋಡಿದರೆ ನಿಮಗೂ ಹಾಗನ್ನಿಸುತ್ತದೆ. ಮೊದಲ ಮನೆಯವರು ಕಾರು ಹತ್ತಿಸಲು ಇಳಿಜಾರು ಮಾಡಿದ್ದಾರೆ. ಎರಡನೆಯವರು ಅದರ ಮೇಲೆ ತುಳಸಿಕಟ್ಟೆ ಕಟ್ಟಿದ್ದಾರೆ, ಅದನ್ನು ತೆಗೆಸಲು ಯಾವ ಸರ್ಕಾರಕ್ಕೂ ಧೈರ್ಯ ಇಲ್ಲ. ಆಮೇಲೆ ಟ್ರಾನ್ಸ್‌ಫಾರ್ಮರ್. ಅದರ ಬುಡದಲ್ಲಿ ಕೇಬಲ್ ಸುರುಳಿ, ಯಾವ ಕಂಪನಿಯದೋ, ಎಷ್ಟು ವರ್ಷದ್ದೋ. ಅದನ್ನೂ ದಾಟಿದರೆ ಮೋರಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಗಳು. ಅದರಲ್ಲೊಂದು ಅಲ್ಲಾಡುತ್ತದೆ. ಒಂದು ತುದಿ ಮೆಟ್ಟಿದರೆ ಇನ್ನೊಂದು ತುದಿ ಏಳುತ್ತದೆ, ಮಳೆ ಬಂದ ಮಾರನೇ ದಿನವಾದರೆ ಸಂದಿನಿಂದ ಕಪ್ಪುನೀರು ಪಿಚಕಾರಿ ಹೊಡೆದ ಹಾಗೆ ಮೊಣಕಾಲ ತನಕ ಚಿಮ್ಮುತ್ತದೆ. ಬೀದಿಯ ಹಳಬರಿಗೆಲ್ಲ ಆ ಕಲ್ಲು ಗೊತ್ತು. ಅಲ್ಲಿ ಬಂದಾಗ ಎಲ್ಲರೂ ರಸ್ತೆಗೆ ಇಳಿಯುತ್ತಾರೆ. ಇಳಿದರೆ ಎದುರಿನಿಂದ ರಾಂಗ್ ಸೈಡಿನಲ್ಲಿ ಡೆಲಿವರಿ ಹುಡುಗ. ಅವನು ನಮಗೆ ಹೆದರಿ ಫುಟ್‌ಪಾತ್ ಹತ್ತುತ್ತಾನೆ. ಒಟ್ಟಿನಲ್ಲಿ ಫುಟ್‌ಪಾತ್ ಖಾಲಿ ಬಿದ್ದಿಲ್ಲ, ಬಳಕೆಯಲ್ಲಿದೆ.

ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಪ್ರಕಾರ ಜೀವಿಸುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ತುಂಬ ಸಂತೋಷ. ಆ ಚಪ್ಪಡಿಗೆ ತಿಳಿಸುವವರು ಯಾರು ಅನ್ನುವುದಷ್ಟೇ ಬಾಕಿ. ಪಾಲಿಕೆ ಸದಸ್ಯರಿಗೆ ಹೇಳೋಣ ಅಂದರೆ ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಐದು ವರ್ಷ ಚುನಾವಣೆಯೇ ಇಲ್ಲದೆ ಊರು ನಡೆಯಿತು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅನ್ನುವುದೇ ದುಃಖ. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯನ್ನೇ ಐದು ಮಾಡಿದರು. ಒಂದು ಪಾಲಿಕೆಯ ಕಣ್ಣಿಗೆ ಬೀಳದ ಗುಂಡಿಯನ್ನು ಐದು ಪಾಲಿಕೆ ಸೇರಿ ಹುಡುಕಲಿ ಅಂತಿರಬೇಕು. ನಡುವೆ ಗಡಿ ಬಿದ್ದ ರಸ್ತೆಗಳಲ್ಲಿ ಆ ಬದಿ ಒಂದು ಪಾಲಿಕೆ, ಈ ಬದಿ ಇನ್ನೊಂದು. ಅಂಥ ಕಡೆ ಹಾಲು ತರಲು ರಸ್ತೆ ದಾಟಿದರೂ ಅರ್ಧ ವಿದೇಶ ಪ್ರವಾಸವೇ, ದಾಟುವಷ್ಟು ಹೊತ್ತು ಬದುಕಿದ್ದರೆ.

ಫುಟ್‌ಪಾತ್ ಬಗ್ಗೆ ಎಲ್ಲರಿಗಿಂತ ಜೋರಾಗಿ ಕೂಗಾಡುವವರು ನಮ್ಮ ಗುಂಪಿನ ಎಂಜಿನಿಯರ್ ಸಾಹೇಬರು. ಮೂವತ್ತು ವರ್ಷ ಸರ್ಕಾರಿ ರಸ್ತೆ ಮಾಡಿಸಿ ನಿವೃತ್ತರಾದವರು. ಪೋರ್ಚುಗಲ್ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. 'ಛೇ, ಇದೊಂದು ಊರೇನ್ರೀ' ಅಂದರು ಮೊನ್ನೆ. ನೀವಿದ್ದಾಗ ಇಲ್ಲೊಂದು ಫುಟ್‌ಪಾತ್ ಮಾಡಿಸಬಹುದಿತ್ತಲ್ಲ ಸಾರ್ ಅಂದೆ. 'ಮಾಡಿಸಿದ್ದೆವಲ್ಲ' ಅಂದರು, ಸ್ವಲ್ಪ ನೊಂದುಕೊಂಡೇ. 'ಎರಡು ಸಲ ಬಿಲ್ ಆಗಿದೆ.'

ಬಿಡಿ, ಊರು ಬಿಡುವುದರಲ್ಲೂ ನಾವು ಹಿಂದೆ. 2022ರಲ್ಲಿ 2,25,620 ಜನ ಭಾರತದ ಪೌರತ್ವವನ್ನೇ ಬಿಟ್ಟರು, 2024ರಲ್ಲಿ 2,06,378. ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ. ಮಂಡಿ ಗಟ್ಟಿ ಇರುವಾಗಲೇ ಹೋದವರು ಜಾಣರು. ಅವರು ಬೇಸಿಗೆಯಲ್ಲಿ ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಹಿಡಿದು ಬಂದು, 'ಬೆಂಗಳೂರು ಹಾಳಾಯ್ತು ಮಾಮ' ಅನ್ನುತ್ತಾರೆ, ಜಯನಗರದಲ್ಲಿ ಒಂದು ಫ್ಲ್ಯಾಟ್ ನೋಡಿಕೊಂಡು ಹೋಗುತ್ತಾರೆ. ರಿಟೈರ್ ಆದ ಮೇಲೆ ಇಲ್ಲೇ ಬರಬೇಕಂತೆ ಅವರಿಗೆ.

ಇಷ್ಟೆಲ್ಲ ಲೆಕ್ಕ ಹಾಕಿ, ಥಾಯ್ಲೆಂಡ್ ಒಂದು ಹಾಳೆ, ಪೋರ್ಚುಗಲ್ ಒಂದು ಹಾಳೆ ಮಾಡಿ ಮನೆಯಾಕೆಯ ಮುಂದಿಟ್ಟೆ. ಬೀನ್ಸ್ ನಾರು ತೆಗೆಯುತ್ತಿದ್ದಳು. ಹಾಳೆ ಮುಟ್ಟದೆ ಕೇಳಿದಳು:

'ರೀ, ಅಲ್ಲಿ ಕೆಲಸದವರು ಸಿಗ್ತಾರಾ?'

ಅಲ್ಲಿ ಅದೆಲ್ಲ ಭಾರೀ ದುಬಾರಿ, ಎಲ್ಲ ನಾವೇ ಮಾಡ್ಕೋಬೇಕು ಅಂದೆ.

'ನಾವೇ ಅಂದ್ರೆ?'

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಕರಿಬೇವು, ತೊಗರಿಬೇಳೆ ಎಲ್ಲ ಸಿಗತ್ತಂತೆ, ಇಂಡಿಯನ್ ಅಂಗಡಿ ಇದೆಯಂತೆ ಅಂತ ಮಾತು ತಿರುಗಿಸಿದೆ. ಅರ್ಜಿಯಲ್ಲಿ ನಿನ್ನ ಹೆಸರೂ ಹಾಕಬಹುದು, ಅವಲಂಬಿತರು ಅನ್ನುವ ಕಾಲಂ ಇದೆ ಅಂದೆ.

'ಅರ್ಜಿ ತುಂಬಿ' ಅಂದಳು. 'ನಾನು ರಿಟೈರ್ ಆದ ತಾರೀಖು ಕೇಳಿದ್ರೆ ಅಲ್ಲಿ ಮಾತ್ರ ಖಾಲಿ ಬಿಡಿ. ಮತ್ತೆ ನಿಮ್ಮ ಕನ್ನಡಕ ಫ್ರಿಜ್ ಮೇಲಿದೆ, ಆಗಿನಿಂದ ಹುಡುಕ್ತಿದ್ದೀರಲ್ಲ.'